ಗಡಿಯಾರ ಗೋಪುರಕ್ಕೊಂದು ಆಧಾರ

ಅತ್ತೆ: ನನ್ನ ಸಾಲಿಗೆ ಕೈ ಹಾಕಿದ್ದು ನೀವೇ ಅಲ್ವಾ ಅಳಿಯಂದ್ರೇ?

ಅಳಿಯ: ಅಳಿಸಿಲ್ಲ ಅತ್ತೆ. 'ಆಧಾರ ಬೇಕು' ಅಂತ ಪಕ್ಕದಲ್ಲೊಂದು ಗುರುತು ಹಾಕಿದೀನಿ, ಅಷ್ಟೇ.

ಅತ್ತೆ: ಕಟ್ಕೊಂಡ ಹೆಂಡತಿ ಬರೆದಿದಾಳೆ. ಅದಕ್ಕಿಂತ ಆಧಾರ ಬೇಕಾ?

ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶವೊಂದಕ್ಕೆ ಅತ್ತೆ ಸೇರಿ ಇನ್ನೂ ಒಂದು ವಾರ. ಸೇರಿಸಿದವನು ಅಳಿಯನೇ, ಅಲ್ಲಿ ಅವನು ಹಳೇ ಹುಲಿ. ಊರಿನ ಮಾರುಕಟ್ಟೆ ಗೋಪುರದ ಪುಟಕ್ಕೆ ಅತ್ತೆ ಒಂದೇ ಒಂದು ಸಾಲು ಸೇರಿಸಿದ್ದರು: 'ನಿಂತುಹೋಗಿದ್ದ ಈ ಗಡಿಯಾರವನ್ನು ಮತ್ತೆ ನಡೆಸಿದವರು ನಮ್ಮ ಯಜಮಾನರು.' ಯಜಮಾನರದು ಗಡಿಯಾರ ರಿಪೇರಿ ಅಂಗಡಿ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಅಳಿಯ: ಓದೋರಿಗೆ ನೀವು ಯಾರು ಅಂತಾನೇ ಗೊತ್ತಿರಲ್ಲ ಅತ್ತೆ.

ಅತ್ತೆ: ಕೆಳಗೆ ನನ್ನ ಫೋನ್ ನಂಬರ್ ಹಾಕಿ. ಅನುಮಾನ ಇದ್ದೋರು ಕೇಳ್ಕೊಳ್ಲಿ.

ಅಳಿಯ: ಹಾಗಲ್ಲ. ನಮ್ಮ ಕಡೆಯವರಲ್ಲದ ಯಾರಾದ್ರೂ ಇದನ್ನ ಹೇಳಿರ್ಬೇಕು.

ಅತ್ತೆ: ಎದುರುಮನೆಯಾಕೆ ಇದಾಳಲ್ಲ. ನಮ್ಮ ಕಡೆಯೋಳಲ್ಲವೇ ಅಲ್ಲ, ನನ್ನ ಜೊತೆ ಮಾತು ಬಿಟ್ಟು ವರ್ಷವಾಯ್ತು.

ಅಳಿಯ: ಆಕೆ ಏನಾದ್ರೂ ಅಚ್ಚು ಹಾಕ್ಸಿದಾರಾ?

ಅತ್ತೆ: ಆಕೆಗಿರೋ ಬಾಯಿಗೆ ಅಚ್ಚು ಬೇರೆ ಬೇಕಾ?

ಎರಡು ದಿನ ಅತ್ತೆ ಫೋನಿನಲ್ಲಿ ಆಧಾರ ಹುಡುಕಿದರು. ಮೂರನೆಯ ದಿನ ಅತ್ತೆ ಫೋನನ್ನು ಅಳಿಯನ ಮೂಗಿಗೆ ಹಿಡಿದರು.

ಅತ್ತೆ: ತಗೊಳ್ಳಿ ನಿಮ್ಮ ಆಧಾರ. ಯಾವುದೋ ಪ್ರವಾಸದ ವೆಬ್‌ಸೈಟಿನೋರು ಹಾಕಿದಾರೆ. ನಮಗೂ ಅವರಿಗೂ ಸಂಬಂಧವೇ ಇಲ್ಲ.

ಅಳಿಯ: (ಓದುತ್ತಾ) 'ಮತ್ತೆ ನಡೆಸಿದವರು ನಮ್ಮ ಯಜಮಾನರು'... ಅತ್ತೆ, ಇವರಿಗೂ ಮಾವ ಯಜಮಾನರಾ?

ಅತ್ತೆ ಫೋನನ್ನು ಕಿತ್ತುಕೊಂಡು ಇನ್ನೊಮ್ಮೆ ಓದಿದರು. ಮುಖ ಕೆಂಪಾಯಿತು.

ಅಳಿಯ: ನಿಮ್ಮ ಸಾಲನ್ನೇ ಎತ್ತಿ ಹಾಕ್ಕೊಂಡಿದಾರೆ. ನಾವೇ ಹೇಳಿ, ಅದನ್ನೇ ಅವರ ಬಾಯಲ್ಲಿ ಕೇಳಿ, ನೋಡಿ ಸಾಕ್ಷಿ ಸಿಕ್ತು ಅಂದ್ರೆ ಆಗುತ್ತಾ?

ಮಗಳು: (ಒಳಗಿನಿಂದ) ಇಬ್ರೂ ಲೈಬ್ರರಿಗೆ ಹೋಗಿ ಕಿತ್ತಾಡಿ. ಅಲ್ಲಿ ಹಳೇ ಪೇಪರಾದ್ರೂ ಇರುತ್ತೆ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ದಪ್ಪ ಕಟ್ಟುಗಳಿದ್ದವು. ಇಬ್ಬರೂ ಸೀನುತ್ತಾ ಕುಳಿತರು.

ಅಳಿಯ: ಯಾವ ವರ್ಷ ಅತ್ತೆ?

ಅತ್ತೆ: ನನ್ನ ಮದುವೆಯ ಹಿಂದಿನ ವರ್ಷ.

ಅಳಿಯ: ಅಂದ್ರೆ ನೀವು ಕಣ್ಣಾರೆ ನೋಡಿಲ್ವಾ?

ಅತ್ತೆ: ಅವರೇ ಹೇಳಿದಾರಲ್ಲ. ಮೊದಲು ಪುಟ ತಿರುಗಿಸಿ.

ಸಂಜೆಯ ಹೊತ್ತಿಗೆ ಅಳಿಯನ ಬೆರಳು ಒಂದು ಮೂಲೆಯಲ್ಲಿ ನಿಂತಿತು. ಅವನು ಓದಿದ, ಓದಿ ಕಟ್ಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

ಅತ್ತೆ: ಹೆಸರಿಲ್ವಾ?

ಅಳಿಯ: ಇದೆ. ಗಡಿಯಾರ ನಡೆಸಿದ್ದು ಮಾವನೇ. ಅಂಗಡಿ ಹೆಸರೂ ಇದೆ.

ಅತ್ತೆ: ಮತ್ತೆ ಮುಖ ಯಾಕೆ ಹುಳ್ಳಗಾಯ್ತು? ಇತ್ತ ಕೊಡಿ.

ಅತ್ತೆ ಕನ್ನಡಕ ಏರಿಸಿ, ಮುಂದಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು: 'ಆದರೆ ದುರಸ್ತಿಯಾದ ಗಡಿಯಾರವು ಕಾಲು ಗಂಟೆ ಹಿಂದಿದ್ದು, ಅದನ್ನು ನಂಬಿ ಹೊರಟ ಹಲವರಿಗೆ ಬೆಳಗಿನ ರೈಲು ತಪ್ಪಿತು. ಈ ಬಗ್ಗೆ ವಿಚಾರಿಸಲಾಗಿ, ರೈಲೇ ಬೇಗ ಬಂದಿರಬೇಕೆಂದು ಸದರಿಯವರು ತಿಳಿಸಿದರು.'

ಅತ್ತೆಯ ಭುಜ ಅಲುಗಾಡತೊಡಗಿತು. ಅಳುವೋ ನಗುವೋ ಅಳಿಯನಿಗೆ ತಿಳಿಯಲಿಲ್ಲ.

ಅಳಿಯ: (ಮೆಲ್ಲಗೆ) ಮೊದಲನೇ ಸಾಲು ಮಾತ್ರ ಹಾಕೋಣ ಅತ್ತೆ. ಉಳಿದಿದ್ದನ್ನ ಯಾರು ಬಂದು ನೋಡ್ತಾರೆ?

ಅತ್ತೆ: ನಿಯಮ ಹೇಳಿಕೊಟ್ಟೋರೇ ಹೀಗಂದ್ರೆ ಹೇಗೆ? ಪೂರ್ತಿ ಹಾಕಿ. ಮದುವೆಯಾದಾಗಿಂದ 'ಗೋಪುರದ ಗಡಿಯಾರ ನಡೆಸಿದ್ದೇ ನಾನು' ಅಂತ ಕಂಡಕಂಡೋರಿಗೆಲ್ಲ ಹೇಳ್ತಿದ್ರು. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೇ. ನಿಜ ಹೇಳ್ಬೇಕಂದ್ರೆ ಒಂದು ದಿನಾನೂ ನಂಬಿರ್ಲಿಲ್ಲ. ಈಗ ನಂಬಿಕೆ ಬಂತು.

ಅಳಿಯ: ಪೇಪರಲ್ಲಿ ಹೆಸರು ನೋಡಿದ್ಮೇಲಾ?

ಅತ್ತೆ: (ಕಣ್ಣೊರೆಸಿಕೊಳ್ಳುತ್ತಾ) ಹೆಸರಿಗೇನು, ಗಡಿಯಾರ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ ಅಳಿಯಂದ್ರೇ. ತಪ್ಪನ್ನ ರೈಲಿನ ಮೇಲೆ ಹೊರಿಸೋಕೆ ನಮ್ಮೋರೇ ಆಗ್ಬೇಕು.