ಎಣ್ಣೆ ಇಲ್ಲದ ಮೊಟ್ಟೆ

ಡಾಕ್ಟರು ಹೇಳಿದ್ದು ನಮ್ಮ ಮನೆಯಲ್ಲಿ ಹೇಳಿದ ಹಾಗೆ ನಡೆದದ್ದು ಒಂದು ಸಲವೂ ಇಲ್ಲ. ಈ ಸಲ ಹೇಳಿದ್ದಂತೂ ತೀರಾ ಸುಲಭ. ನಮ್ಮ ಯಜಮಾನರ ರಕ್ತದಲ್ಲಿ ಕೊಬ್ಬು ಏರಿದೆ. ದಿನಕ್ಕೊಂದು ಮೊಟ್ಟೆ ತಿನ್ನಲಿ, ಎಣ್ಣೆ ಮಾತ್ರ ಕೂಡದು. ಕುದಿಯುವ ನೀರಿಗೆ ಒಡೆದು ಹಾಕಿ ಬೇಯಿಸಿ ಕೊಡಿ. ತಿಂಗಳಾದ ಮೇಲೆ ಕೊಬ್ಬು ಇಳಿಯದಿದ್ದರೆ ಮೊಟ್ಟೆಯೂ ಬಂದ್. ಚಿಪ್ಪಿನೊಳಗೆ ಬೆಂದದ್ದು ಇವರ ಗಂಟಲಲ್ಲಿ ಇಳಿಯುವುದಿಲ್ಲ, ಮೊಟ್ಟೆಯೇ ಇಲ್ಲದ ದಿನ ಮನುಷ್ಯರಂತೆ ಮಾತಾಡುವುದಿಲ್ಲ. ಹಾಗಾಗಿ ಜವಾಬ್ದಾರಿ ನನ್ನ ತಲೆಗೆ ಬಂತು.

೧. ಸುಳಿ

ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಕುದಿಯುವ ನೀರನ್ನು ಚಮಚದಿಂದ ತಿರುಗಿಸಿ, ಸುಳಿಯ ನಡುವೆ ಮೊಟ್ಟೆ ಬಿಟ್ಟಳು. ಮಲ್ಲಿಗೆ ಮೊಗ್ಗಿನ ಹಾಗೆ ಬಂತು. ಅದನ್ನು ನೋಡಿದ ಇವರು ತಾವೇ ಮಾಡುತ್ತೇನೆಂದು ಒಲೆಯ ಮುಂದೆ ನಿಂತು, ಚಮಚ ಸಾಲದೆಂದು ಮಜ್ಜಿಗೆಯ ಕಡೆಗೋಲು ಹಿಡಿದರು. ಮೊಟ್ಟೆ ಬಿಟ್ಟ ಮೇಲೂ ಕಡೆಯುವುದನ್ನು ನಿಲ್ಲಿಸಲಿಲ್ಲ. ಪಾತ್ರೆಯಲ್ಲಿ ಮೊಟ್ಟೆ ಎಲ್ಲಿ ಹೋಯಿತೆಂದು ನಾನು ಹುಡುಕುತ್ತಿದ್ದರೆ, ಇವರು ಲೋಟ ತಂದು ಒಡ್ಡಿದರು.

೨. ಅಮಾವಾಸ್ಯೆಯ ಬಟ್ಟೆ

ಆವಿಯಲ್ಲಿ ಬೇಯಿಸಿದರೂ ಆಗುತ್ತದೆ ಎಂದಳು ಎದುರುಮನೆಯಾಕೆ. ಇಡ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಒಂದು ಕುಳಿಗೆ ಮೊಟ್ಟೆ ಒಡೆದೆ. ಚೆನ್ನಾಗಿಯೇ ಬೆಂದಿತು, ಬಟ್ಟೆ ಬಿಟ್ಟು ಮಾತ್ರ ಬರಲಿಲ್ಲ. ಇವರು ಬಟ್ಟೆಯನ್ನೇ ತಟ್ಟೆಯಲ್ಲಿ ಹರಡಿಕೊಂಡು ಕೆರೆದು ತಿನ್ನುತ್ತಿದ್ದಾಗ ಅತ್ತೆ ಬಂದರು. ಅದು ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಂದು ಎಡೆ ಇಡುವ ಇಡ್ಲಿಯ ಬಟ್ಟೆಯಂತೆ. ಬೇರೆ ಬಟ್ಟೆ ತರುತ್ತೇನೆಂದೆ.

"ಬಟ್ಟೆ ಬುಡು ತಾಯಿ," ಅಂದರು ಅತ್ತೆ. "ನಿನ್ನ ಮಾವ ಬದುಕಿರೋವಾಗ್ಲೇ ಮೊಟ್ಟೆ ಮುಟ್ಟಿದೋರಲ್ಲ. ಈ ವಾಸನೆಗೆ ಇನ್ನು ಮನೆ ಕಡೆ ತಿರುಗ್ತಾರಾ?"

೩. ಅತ್ತೆಯ ಕೈಗುಣ

ನೀರಿಗೆ ಹುಳಿ ಸೇರಿಸಿದರೆ ಮೊಟ್ಟೆ ಚದುರುವುದಿಲ್ಲ, ವಿನಿಗರ್ ಹಾಕಿ ಎಂದಿತು ಇನ್ನೊಂದು ವಿಡಿಯೋ. ತಮಿಳುನಾಡಿನ ಚಿನ್ನಮನೂರಿನ ನಮ್ಮ ಬೀದಿಯಲ್ಲಿ ವಿನಿಗರ್ ಯಾರ ಮನೆಯಲ್ಲಿದೆ? ಹುಳಿ ತಾನೆ ಬೇಕು, ನೀನು ಆಚೆ ಹೋಗು ಎಂದು ಅತ್ತೆ ಒಲೆ ಹಿಡಿದರು. ನಾನು ಶಾಲೆಗೆ ಪಾಠ ಹೇಳಲು ಓಡುವವಳು. ಸಂಜೆ ಬಂದು ಮೊಟ್ಟೆ ಹೇಗಿತ್ತೆಂದು ಕೇಳಿದರೆ, ಒಡೆಯದೆ ದುಂಡಗೆ ಬಂತು ಎಂದು ಇವರು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಗಂಡ ಸಿಡುಕುವುದು ನಿಂತಿತಲ್ಲ ಎಂದು ನಾನು ಪಾತ್ರೆಯ ಕಡೆ ನೋಡಲೇ ಇಲ್ಲ. ತಪ್ಪು ನನ್ನದೇ.

ತಿಂಗಳಾದ ಮೇಲೆ ಮೂವರೂ ತೇನಿಗೆ, ಡಾಕ್ಟರ ಹತ್ತಿರ ಹೋದೆವು. ಕೊಬ್ಬು ಇನ್ನೂ ಏರಿತ್ತು. ಡಾಕ್ಟರೂ ನಮ್ಮ ಕನ್ನಡದವರೇ. ಮೊಟ್ಟೆ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಅತ್ತೆ ಕುರ್ಚಿ ಮುಂದಕ್ಕೆಳೆದುಕೊಂಡು ವಿವರಿಸಿದರು: ಹುಣಸೆ ನೀರು, ಬರೀ ಹುಳಿ ಬಾಯಿಗಿಡಲಾಗದೆಂದು ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಖಾರದ ಪುಡಿ, ಅವು ಬಾಡುವುದಕ್ಕೆ ಎರಡು ಸೌಟು ಎಳ್ಳೆಣ್ಣೆ, ಕುದಿಯುವ ಆ ಹುಳಿ ಸಾರಿಗೆ, ನಮ್ಮ ಕಡೆಯ ಕೊಳಂಬಿಗೆ, ಮೊಟ್ಟೆ ಒಡೆದು ಬಿಟ್ಟು, ಅನ್ನಕ್ಕೆ ಕಲಸಿ ಕೊಡುವುದು. ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮೊಟ್ಟೆಗೆ ಒಂದು ತೊಟ್ಟು ಎಣ್ಣೆ ಬುಟ್ಟಿಲ್ಲ ಸಾಮಿ," ಅಂದರು ಅತ್ತೆ. "ಎಣ್ಣೆ ಎಲ್ಲಾ ಕೊಳಂಬಿಗೆ ತಾನೆ."

ಮೊಟ್ಟೆ ಬಂದ್ ಆಯಿತು. ಬಸ್ಸಿನಲ್ಲಿ ಇವರು ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿ ಕೂತರು. ಅತ್ತೆ ಮಗನ ಬೆನ್ನು ಸವರಿದರು.

"ಯಾಕಪ್ಪ ಬಾಡ್ತೀಯ? ಮೊಟ್ಟೆ ತಾನೆ ಬ್ಯಾಡ ಅಂದ್ರು. ಕೊಳಂಬು ಬ್ಯಾಡ ಅಂದ್ರಾ?"