ಕೂಸಿನ ಪತ್ರ ಎಷ್ಟು ದಿನಕ್ಕೊಂದು?

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೇ ಕ್ಲಾಸಿನ ಬಾಗಿಲವರೆಗೂ ಹೋಗಿದ್ದೆ, ಮೇಷ್ಟ್ರು ಒಳಗೆ ಬಿಡಲಿಲ್ಲ. ಹಾಗಂತ ನನಗೆ ಬುದ್ಧಿ ಇಲ್ಲ ಅಂತ ಯಾರೂ ತಿಳಿಯಬಾರದು. ನ್ಯಾಮತಿಯಲ್ಲಿ ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿದವನು ನಾನು. ಯಾವ ಚಕ್ರಕ್ಕೆ ಎಷ್ಟು ದಿನಕ್ಕೊಮ್ಮೆ ಗಾಳಿ, ಯಾವ ಚೈನಿಗೆ ಎಷ್ಟು ದಿನಕ್ಕೊಮ್ಮೆ ಎಣ್ಣೆ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಂಥವನಿಗೆ ಒಂದು ಪತ್ರ ಎಷ್ಟು ದಿನಕ್ಕೊಂದು ಕಳಿಸಬೇಕು ಅಂತ ತೀರ್ಮಾನ ಮಾಡೋದು ಯಾವ ಮಹಾ ಕೆಲಸ? ಐದು ನಿಮಿಷದ ಮಾತು ಅಂದುಕೊಂಡೆ. ಆ ಐದು ನಿಮಿಷ ನನ್ನನ್ನು ತಿಂದು ನೀರು ಕುಡಿಯಿತು!

ಮೊದಲು ಶುಭ ಸಮಾಚಾರ ಹೇಳಿಬಿಡುತ್ತೇನೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಗಳು ಸುಮಾಳ ಮದುವೆಯಾಗಿ ಎಂಟು ವರ್ಷಕ್ಕೆ. ಜಗಳೂರಿಗೆ ಕೊಟ್ಟ ಮಗಳು ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಾಳೆ. ಕೂಸಿನ ಬಣ್ಣ ಹೇಳಲೋ, ಕೂದಲು ಹೇಳಲೋ, ನನ್ನ ಬೆರಳು ಹಿಡಿಯೋ ಪಟ್ಟು ಹೇಳಲೋ? ಬ್ರೇಕ್ ಹಿಡಿದಂಗೆ ಹಿಡೀತಾಳೆ! ಬಿಡಿಸಿಕೊಳ್ಳಾಕೆ ಆಗಲ್ಲ. ನನಗೂ ಬಿಡಿಸಿಕೊಳ್ಳೋ ಮನಸ್ಸಿಲ್ಲ.

ಕೂಸು ಹುಟ್ಟಿದ ದಿನ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ನಲವತ್ತಮೂರು ಫೋಟೋ ಹಾಕಿದೆ. ಮರುದಿನವೂ ಅಷ್ಟೇ. ಮೂರನೇ ದಿನ ಬೆಳಗ್ಗೆ ಹಾಕಾಕೆ ಹೋದರೆ ಗುಂಪೇ ಇಲ್ಲ! ಅಂದರೆ ಗುಂಪು ಇತ್ತು, ನಾನು ಇರಲಿಲ್ಲ. ಚನ್ನಗಿರಿಯಲ್ಲಿರುವ ನನ್ನ ಒಡಹುಟ್ಟಿದ ತಮ್ಮ ಚಂದ್ರಣ್ಣ ನನ್ನನ್ನು ಹೊರಗೆ ಹಾಕಿದ್ದ.

ನನ್ನ ಮುಖ ನೋಡಲಾರದೆ ಸುಮಾ ಒಂದು ದಾರಿ ಹೇಳಿದಳು. "ಅಪ್ಪಾಜಿ, ಈಮೇಲ್‌ನಾಗೆ ಪತ್ರ ಕಳ್ಸು. ಎಲ್ಲರ ವಿಳಾಸ ಒಂದು ಪಟ್ಟಿ ಮಾಡಿಕೊಡ್ತೀನಿ. ನೀನು ಒಂದು ಬರೆದರೆ ಎಲ್ಲರಿಗೂ ಹೋಗ್ತೈತೆ. ಓದೋರು ಓದ್ತಾರೆ, ಬ್ಯಾಡಾದೋರು ಬಿಡ್ತಾರೆ. ಆದ್ರೆ ಎಷ್ಟು ದಿನಕ್ಕೊಂದು ಅಂತ ಮೊದಲು ತೀರ್ಮಾನ ಮಾಡ್ಕ. ಅದನ್ನ ಮೊದಲನೇ ಪತ್ರದಾಗೇ ಹೇಳಿಬಿಡು. ಆಮೇಲೆ ಮಾತು ತಪ್ಪಬಾರದು."

ನಾನು, ನನ್ನ ಹೆಂಡತಿ ಸೇರಿ ಮೂವತ್ತೊಂದು ಜನರ ಪಟ್ಟಿ ತಯಾರಾಯಿತು. ಅಳಿಯ ದಿನಾ ವಿಡಿಯೋ ಕಾಲ್‌ನಲ್ಲಿ ಮಗಳನ್ನು ನೋಡೋದರಿಂದ ಅವನನ್ನು ಬಿಟ್ಟೆವು. ಅವನ ತಾಯಿ, ನಮ್ಮ ಬೀಗಿತಿ ನೀಲಮ್ಮನವರನ್ನು ಸೇರಿಸಿದೆವು.

ಟೈಪ್ ಮಾಡಾಕೆ ನನಗೆ ಬರಲ್ಲ. ಅದಕ್ಕೂ ಉಪಾಯ ಇತ್ತು. ಫೋನಿನಲ್ಲಿ ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಬುಧವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಫೋನನ್ನು ಮಂಚದ ಮೇಲೆ ಇಟ್ಟು, ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

"ಪ್ರಿಯ ಬಂಧುಗಳೇ, ನಮ್ಮ ಮನೆಗೆ ಸಾಕ್ಷಾತ್ ಮಹಾಲಕ್ಷ್ಮಿ ಬಂದಿದ್ದಾಳೆ. ಅವಳ ಯೋಗಕ್ಷೇಮದ ಈ ಪತ್ರ ಇನ್ನು ಮುಂದೆ ನಿಮಗೆ..."

ಅಲ್ಲಿ ನಿಂತಿತು ಗಾಡಿ. ಎಷ್ಟು ದಿನಕ್ಕೊಂದು?

"ಏ ಗಿರಿಜಾ, ದಿನಕ್ಕೊಂದು ಅನ್ಲಾ?" ಅಂತ ಹೆಂಡತಿಯನ್ನು ಕೇಳಿದೆ.

ಕೂಸಿನ ಬಟ್ಟೆ ಮಡಚುತ್ತಿದ್ದ ಗಿರಿಜಮ್ಮ ತಲೆ ಎತ್ತಿದಳು. "ದಿನಾ ಏನು ಬರೀತೀರಿ? ಕೂಸು ಕುಡಿತೈತೆ, ಮಲಗ್ತೈತೆ, ಸುಮ್‌ಸುಮ್ನೆ ಅಳ್ತೈತೆ. ನೀವೂ ಮನೆಯಾಗೆ ಅಷ್ಟೇ ಮಾಡೋದು. ನಿಮ್ಮ ಬಗ್ಗೆ ಯಾರಾದ್ರೂ ಪತ್ರ ಬರೆದಾರಾ?"

"ಹಂಗಾದ್ರೆ ಅಮಾಸಿಗೊಂದು, ಹುಣ್ಣಿಮೆಗೊಂದು?"

"ಅಮಾಸಿ ದಿನ ಕೂಸಿನ ಮುಖ ಮೂವತ್ತು ಮನೆಗೆ ತೋರಿಸ್ತೀರಾ? ದೃಷ್ಟಿ ತೆಗೆಯೋರು ಯಾರು? ನೀವಾ?"

ಒಳಗಿಂದ ಸುಮಾ, "ತಿಂಗಳಿಗೊಂದು ಸಾಕು ಅಪ್ಪಾಜಿ" ಅಂದಳು.

"ತಿಂಗಳಿಗೊಂದಾ? ಅಷ್ಟರೊಳಗೆ ಕೂಸು ಎಷ್ಟು ಬೆಳೆದಿರ್ತೈತೆ! ಓದೋರಿಗೆ ಗುರುತೇ ಸಿಗಲ್ಲ. ನಿನ್ನ ಚಿಕ್ಕಪ್ಪ ಚಂದ್ರಣ್ಣಗೆ ಮಾತ್ರ ದಿನಕ್ಕೆರಡು ಕಳಿಸ್ತೀನಿ. ಅದೇ ಅವನಿಗೆ ಶಿಕ್ಷೆ!"

"ನಿಮ್ಮ ಹೊನ್ನಾಳಿ ಅಕ್ಕ?" ಗಿರಿಜಮ್ಮ ಕೇಳಿದಳು.

"ಅಕ್ಕಗೆ ಎಷ್ಟು ಕಳಿಸಿದರೂ ಒಂದೇ. ಅವಳು ಸಾವಿನ ಸುದ್ದಿ ಬಂದರೆ ಮಾತ್ರ ಓದೋದು."

ಗಿರಿಜಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಲ್ಲೇ ನಾನು ಕೆಟ್ಟೆ. ಹೆಂಡತಿ ನಕ್ಕರೆ ನನಗೆ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದಂತೆ, ನಿಲ್ಲಾಕೆ ಬರೋದಿಲ್ಲ.

"ಜಗಳೂರಿನ ಬೀಗಿತಿಗೆ ಜಾಸ್ತಿ ಕಳಿಸಬ್ಯಾಡ್ರಿ" ಅಂದಳು ಅವಳು. "ಪತ್ರಕ್ಕೊಂದು ಡಬ್ಬಿ ಅಂಟಿನುಂಡೆ ಕಳಿಸಿಯಾರು!"

ಬಾಣಂತಿಗೆ ಸೊಂಟ ಗಟ್ಟಿಯಾಗಲಿ ಅಂತ ಅಂಟು, ಕೊಬ್ಬರಿ, ಬೆಲ್ಲ ಹಾಕಿ ಉಂಡೆ ಕಟ್ಟಿ ಕೊಡೋದು ನಮ್ಮ ಕಡೆ ಪದ್ಧತಿ. ನೀಲಮ್ಮನವರೂ ಕೂಸು ನೋಡಾಕೆ ಬಂದಾಗ ಪ್ರೀತಿಯಿಂದ ಒಂದು ಡಬ್ಬಿ ತಂದಿದ್ದರು. ನಾನು ಏನಂದೆ ಗೊತ್ತಾ?

"ಅಯ್ಯೋ, ಹೋದ ಸಲದ್ದು ಒಡೆಯಾಕೆ ಶಾಪಿನಿಂದ ಸುತ್ತಿಗೆ ತಂದಿದ್ದೆ, ಮರೆತ್ಯಾ? ಒಂದುಂಡೆ ಇನ್ನೂ ಹಿತ್ತಲ ಬಾಗಿಲಿಗೆ ಅಡ್ಡ ಇಟ್ಟೀನಿ. ಎಂಥ ಗಾಳಿ ಬಂದರೂ ಬಾಗಿಲು ಹೊಡ್ಕಳ್ಳಲ್ಲ!"

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ಕಡೆಗೆ ವಾರಕ್ಕೊಂದು, ಪ್ರತಿ ಬುಧವಾರ ಅಂತ ತೀರ್ಮಾನವಾಯಿತು. ಫೋನ್ ಎತ್ತಿಕೊಂಡು, "ಪ್ರತಿ ಬುಧವಾರ ತಪ್ಪದೆ ಬರುತ್ತದೆ. ಇಂತಿ ನಿಮ್ಮವ" ಅಂದೆ. ಮೇಲಿನ ಎರಡು ಸಾಲು ನೋಡಿದೆ. ಮಹಾಲಕ್ಷ್ಮಿ ಸರಿಯಾಗಿ ಬಂದಿದ್ದಳು. ಕಳಿಸೋ ಬಾಣದ ಗುರುತು ಒತ್ತಿಬಿಟ್ಟೆ.

ಮಾತು ನಿಂತರೆ ಆ ಮೈಕು ತಾನಾಗೇ ನಿಲ್ಲುತ್ತದಂತೆ. ನಮ್ಮ ಮನೆಯಲ್ಲಿ ಮಾತು ನಿಲ್ಲೋದು ಯಾವಾಗ?

ಅರ್ಧ ಗಂಟೆಯಲ್ಲಿ ಚನ್ನಗಿರಿಯಿಂದ ಫೋನ್. "ಅಣ್ಣಾ, ದಿನಕ್ಕೆರಡು ಅಂದೀಯಲ್ಲ, ಶಿಕ್ಷೆ ಇವತ್ತಿನಿಂದಲೇ ಶುರುವೋ ಅಥವಾ ಬರೋ ವಾರದಿಂದಲೋ?"

"ನಿನಗೆ ಯಾರು ಹೇಳಿದ್ರೋ?"

"ನೀನೇ ಬರೆದು ಕಳಿಸೀಯಲ್ಲೋ ಮಾರಾಯ! ಪೂರ್ತಿ ಓದಿಸ್ಕ."

ಸುಮಾ ಓದಿದಳು. ದಿನಕ್ಕೊಂದು ಬಂತು, ಅಮಾಸಿ ಬಂತು, ಅಕ್ಕ ಬಂದಳು. ಸುತ್ತಿಗೆ ಬಂದಾಗ ಅವಳ ದನಿ ನಿಂತಿತು. ಹಿತ್ತಲ ಬಾಗಿಲು ಬಂದಾಗ ಅವಳು ಕೂತುಬಿಟ್ಟಳು.

"ಅಪ್ಪಾಜಿ, ಸೋಮವಾರ ನಾಮಕರಣ. ಸೋದರತ್ತೆ ಬಂದು ಕಿವಿಯಾಗೆ ಹೆಸರು ಹೇಳ್ದೇ ಕೂಸನ್ನ ತೊಟ್ಟಿಲಿಗೆ ಹಾಕಂಗಿಲ್ಲ. ನಮ್ಮತ್ತೆ ಬರ್ಲಿಲ್ಲ ಅಂದ್ರೆ ನನ್ನ ನಾದಿನಿ ಬರ್ತಾಳಾ? ನನ್ನ ಮಗಳಿಗೆ ಹೆಸರು ಇಡೋರು ಯಾರು?"

ಎಂಟು ವರ್ಷ ಕಾದು ಬಂದ ಕೂಸು. ಅದಕ್ಕೆ ನನ್ನ ನಾಲಿಗೆಯಿಂದಾಗಿ ಹೆಸರೇ ಇಲ್ಲದಂತಾದರೆ?

"ನೀಲಮ್ಮನೋರಿಗೆ ಈಗಲೇ ಫೋನ್ ಮಾಡ್ರಿ" ಅಂದಳು ಗಿರಿಜಮ್ಮ. ಮಾಡಿದೆವು. ಸ್ವಿಚ್ ಆಫ್. ಸಿಟ್ಟಿಗೇ ಆಫ್ ಮಾಡಿದ್ದಾರೆ ಅಂತ ಮೂವರಿಗೂ ಖಾತ್ರಿಯಾಯಿತು. ನಾದಿನಿಗೆ ಮಾಡು ಅಂದರೆ, "ಯಾವ ಬಾಯಾಗೆ ಮಾತಾಡ್ಲಿ?" ಅಂದಳು ಸುಮಾ. ಅಳಿಯನಿಗೆ ಹೇಳೋ ಧೈರ್ಯ ನನಗಂತೂ ಇರಲಿಲ್ಲ.

ಆಗ ನಾನು ಎದೆ ಸೆಟೆಸಿ ಘೋಷಿಸಿದೆ: "ಪತ್ರದಲ್ಲಿ ಆದ ತಪ್ಪಿಗೆ ಪತ್ರದಲ್ಲೇ ಪ್ರಾಯಶ್ಚಿತ್ತ!"

ಕ್ಷಮಾಪಣೆ ಪತ್ರ ಕಳಿಸಿದೆ. ಉತ್ತರ ಇಲ್ಲ. ತಲುಪಲಿಲ್ಲವೇನೋ ಅಂತ ಮಧ್ಯಾಹ್ನ ಇನ್ನೊಂದು ಕಳಿಸಿದೆ. ಎರಡನೆಯದರಲ್ಲಿ ವಿನಯ ಕಡಿಮೆಯಾಯಿತು ಅನಿಸಿ ಸಂಜೆ ಮೂರನೆಯದು. ದಿನಕ್ಕೊಂದು ಜಾಸ್ತಿಯಾಯಿತು ಅಂತ ತೀರ್ಮಾನಿಸಿದ ಮನೆಯಿಂದ ಎರಡು ದಿನದಲ್ಲಿ ಒಂಬತ್ತು ಪತ್ರ ಹೋದವು. ಒಂಬತ್ತೂ ನೀಲಮ್ಮನವರಿಗೆ ಮಾತ್ರ ಅಂತ ತಿಳಿದಿದ್ದೆ. ಇಲ್ಲ. ಮೂವತ್ತೊಂದು ಜನಕ್ಕೂ!

ಗುರುವಾರ ಸಂಜೆ ಹೊನ್ನಾಳಿ ಅಕ್ಕ ಫೋನ್ ಮಾಡಿದಳು. "ಏನೋ ಅದು ಸುತ್ತಿಗೆ? ನಾನು ಮೊದಲನೇ ಪತ್ರ ಓದಿರಲಿಲ್ಲ. ಒಂಬತ್ತು ಸಲ ಕ್ಷಮಿಸಿ ಕ್ಷಮಿಸಿ ಅಂತ ಬಂತಲ್ಲ, ಏನು ಮಾಡಿದನೋ ನನ್ನ ತಮ್ಮ ಅಂತ ಹುಡುಕಿಸಿ ಓದಿಸ್ಕಂಡೆ."

"ಅಕ್ಕಾ, ಅದು ತಮಾಷೆಗೆ..."

"ಸಾವಿನ ಸುದ್ದಿ ಬಂದ್ರೆ ಮಾತ್ರ ಓದ್ತೀನಾ? ಆಯ್ತು. ನಿಂದು ಬಂದಾಗ ಓದ್ತೀನಿ ಬಿಡು!" ಫೋನ್ ಇಟ್ಟಳು.

ಅಂದರೆ, ಪತ್ರ ಓದದೆ ಸುಮ್ಮನಿದ್ದ ಮನೆಗಳಿಗೂ ಒಂಬತ್ತು ಸಲ ಡಂಗುರ ಹೊಡೆದು, 'ಬನ್ನಿ, ನಾನು ಬೀಗಿತಿಗೆ ಅಂದದ್ದನ್ನು ಓದಿ' ಅಂತ ನಾನೇ ಕರೆದಿದ್ದೆ!

ಶುಕ್ರವಾರ ಬೆಳಗ್ಗೆ ಗಂಡ ಹೆಂಡತಿ ಬಸ್ ಹತ್ತಿದೆವು. ಹೊನ್ನಾಳಿ, ಹರಿಹರ, ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ಗಿರಿಜಮ್ಮ ಮಾತಾಡಲಿಲ್ಲ. ನಾನು ಕಂಡಕ್ಟರಿಗೆ ಕೂಸಿನ ಫೋಟೋ ತೋರಿಸಿದಾಗ ಮಾತ್ರ ಒಂದು ಸಲ ತಿವಿದಳು. ಜಗಳೂರಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

"ನೋಡ್ರಿ, ಅಲ್ಲಿ ನೀವು ಮೊದಲು ಮಾತಾಡಬಾರದು. ಅವರ ಮುಖ ಹೆಂಗೈತೆ ನೋಡಿ ನಾನು ಶುರು ಮಾಡ್ತೀನಿ. ತಿಳೀತಾ?"

"ತಿಳೀತು" ಅಂದೆ. ನಿಜವಾಗಲೂ ತಿಳಿದಿತ್ತು.

ನೀಲಮ್ಮನವರು ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಮ್ಮನ್ನು ಕಂಡು ದಡಬಡ ಎದ್ದರು. ಆ ಎದ್ದ ರಭಸ ನೋಡಿ ನನ್ನ ಜೀವ ಹಾರಿತು. ಹೆಂಡತಿಯ ಮಾತು ಮರೆತೇಹೋಯಿತು. ಚಪ್ಪಲಿ ಕೂಡ ಬಿಡದೆ ಕೈ ಮುಗಿದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ:

"ತಾಯಿ, ಸುತ್ತಿಗೆ ತಂದಿದ್ದು ನಿಜ. ಆದ್ರೆ ಸಣ್ಣ ಸುತ್ತಿಗೆ! ಉಂಡೇನ ಬಾಗಿಲಿಗೆ ಇಟ್ಟಿದ್ದೂ ನಿಜ. ಆದ್ರೆ ಹಿತ್ತಲ ಬಾಗಿಲಿಗೆ, ಮುಂಬಾಗಿಲಿಗಲ್ಲ! ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ಹಾಕಬ್ಯಾಡ್ರಿ!"

ಗಿರಿಜಮ್ಮ ಹಿಂದಿನಿಂದ ನನ್ನ ಅಂಗಿ ಎಳೆದಳು. ಆ ಹೊತ್ತಿಗೆ ಎಲ್ಲಾ ಮುಗಿದಿತ್ತು.

"ಯಾವ ಸುತ್ತಿಗೆ ಬೀಗರೇ?" ನೀಲಮ್ಮನವರು ಕೇಳಿದರು.

"ನೀವು... ಮೇಲ್ ನೋಡಲಿಲ್ವಾ?"

"ಮೇಲಾ? ಅದು ನನಗೂ ಐತಾ? ನನ್ನ ಫೋನು ಮಂಗಳವಾರವೇ ನೀರಿನ ತೊಟ್ಟಿಗೆ ಬಿದ್ದೈತೆ. ರಿಪೇರಿಗೆ ಕೊಟ್ಟೀವಿ. ಅದಿರ್ಲಿ, ಯಾವ ಉಂಡೆ? ಯಾವ ಬಾಗಿಲು?"

ಮೂವತ್ತೊಂದು ಜನರಲ್ಲಿ ಸುದ್ದಿ ಗೊತ್ತಿಲ್ಲದವರು ಅಂತ ಇದ್ದದ್ದು ಒಬ್ಬರೇ. ಅವರಿಗೆ ತಿಳಿಸಲು ನಾನು ನಾಲ್ಕು ಬಸ್ ಬದಲಾಯಿಸಿ ಬಂದಿದ್ದೆ!

ಗಿರಿಜಮ್ಮ ಕಣ್ಣು ಮುಚ್ಚಿದಳು. ನಾನು ಪೂರ್ತಿ ಹೇಳಿದೆ. ಇನ್ನೇನು ಮಾಡಲಿ? ನೀಲಮ್ಮನವರು ಒಳಗೆ ಹೋದರು. ಡಬ್ಬಿ ತೆಗೆದ ಸದ್ದಾಯಿತು. ತಟ್ಟೆಯಲ್ಲಿ ಎರಡು ಅಂಟಿನುಂಡೆ ಇಟ್ಟುಕೊಂಡು ಬಂದು ನಮ್ಮ ಮುಂದೆ ಇಟ್ಟರು.

"ನಿಮಗೆ ತಂದಿದ್ದ ಉಂಡೆ ಜೊತೆಗೇ ಕಟ್ಟಿದ್ದು. ತಿನ್ರಿ."

ಕಚ್ಚಿದೆ. ಹಲ್ಲು ಹೋಯಿತೋ ಉಂಡೆ ಒಡೆಯಿತೋ ಅನ್ನೋ ಥರ ಒಂದು ಸದ್ದಾಯಿತು. ಕಣ್ಣಲ್ಲಿ ನೀರು ತುಂಬಿತು. "ಭಾಳ ಮೆತ್ತಗೆ ಐತೆ ತಾಯಿ" ಅಂದೆ.

ನೀಲಮ್ಮನವರು ನನ್ನ ಮುಖ ನೋಡಿದರು. ಆಮೇಲೆ ನಗಾಕೆ ಶುರು ಮಾಡಿದರು. ಗೋಡೆ ಹಿಡಿದು ನಕ್ಕರು.

"ಸುಳ್ಳು ಹೇಳಬ್ಯಾಡ್ರಿ ಬೀಗರೇ! ಸೊಸೆನ ಆಸ್ಪತ್ರೆಗೆ ಸೇರಿಸಿದ್ರು ಅಂದ ಕೂಡ್ಲೇ ಬೆಲ್ಲದ ಪಾಕಕ್ಕೆ ಇಟ್ಟಿದ್ದೆ. ಅಷ್ಟರಾಗೆ ಕೂಸು ಹುಟ್ಟಿತು ಅಂತ ಫೋನ್ ಬಂತು. ಒಲೆ ಮ್ಯಾಲೆ ಪಾಕ ಬಿಟ್ಟು ಓಣಿಗೆಲ್ಲಾ ಹೇಳಾಕೆ ಓಡಿದೆ. ತಿರುಗಿ ಬರೋದ್ರಾಗೆ ಪಾಕ ಏರಿ ಕಲ್ಲಾಗಿತ್ತು. ಎಂಟು ವರ್ಷದ ಮ್ಯಾಲೆ ಹುಟ್ಟಿದ ಕೂಸಿಗೆ ಅಂತ ಕಟ್ಟಿದ್ದು, ಚೆಲ್ಲಾಕೆ ಮನಸ್ಸಾಗಲಿಲ್ಲ. ತಂದುಬಿಟ್ಟೆ."

ನನ್ನ ಸಂತೋಷ ಉಕ್ಕಿ ನಲವತ್ತಮೂರು ಫೋಟೋ ಆಗಿತ್ತು. ಅವರದ್ದು ಉಕ್ಕಿ ಕಲ್ಲುಂಡೆ ಆಗಿತ್ತು. ಆ ಉಂಡೆಯನ್ನು ಪೂರ್ತಿ ತಿಂದೆ. ಮುಗಿಯಾಕೆ ಒಂದು ಗಂಟೆ ಬೇಕಾಯಿತು.

ಸೋಮವಾರ ನೀಲಮ್ಮನವರು ಮಗಳ ಜೊತೆ ಎಲ್ಲರಿಗಿಂತ ಮೊದಲೇ ಬಂದರು. ಚನ್ನಗಿರಿ ತಮ್ಮನೂ ಬಂದ, ಹೊನ್ನಾಳಿ ಅಕ್ಕನೂ ಬಂದಳು. ಬಂದವರೆಲ್ಲ ಕೂಸಿಗಿಂತ ಮೊದಲು ಹಿತ್ತಲ ಬಾಗಿಲು ನೋಡಿಕೊಂಡು ಬಂದರು! ಸೋದರತ್ತೆ ಕೂಸಿನ ಕಿವಿಯಲ್ಲಿ "ಇಂಚರಾ" ಅಂತ ಹೇಳಿ ತೊಟ್ಟಿಲಿಗೆ ಹಾಕಿದಳು. ಹೆಸರು ಕೇಳಿ ಕೂಸು ಆಕಳಿಸಿತು. ಅಷ್ಟು ಚೆಂದದ ಆಕಳಿಕೆ ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಊಟಕ್ಕೆ ಕೂತಾಗ ನೀಲಮ್ಮನವರು ತೀರ್ಪು ಕೊಟ್ಟರು. "ಬೀಗರೇ, ಕೂಸಿನ ಪತ್ರ ವರ್ಷಕ್ಕೊಂದು. ಹುಟ್ಟಿದ ದಿನಕ್ಕೆ. ಅದೂ ಕಳಿಸೋಕಿಂತ ಮುಂಚೆ ನಾನು ಓದ್ಬೇಕು."

"ಆರು ತಿಂಗಳಿಗೊಂದು ಮಾಡಿದ್ರೆ..." ಅಂತ ನಾನು ಶುರು ಮಾಡಿದೆ. ಪಂಕ್ತಿಯಲ್ಲಿದ್ದವರೆಲ್ಲ ಒಟ್ಟಿಗೆ "ವರ್ಷಕ್ಕೊಂದು!" ಅಂದರು. ನಮ್ಮ ನೆಂಟರು ಯಾವ ವಿಷಯಕ್ಕೂ ಹೀಗೆ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ.

ಮೊನ್ನೆ ಸುಮಾ ಪಟ್ಟಿ ತೆಗೆದು ನೋಡುತ್ತಿದ್ದಳು. ಹೀಗೆ ಪಟ್ಟಿಗೆ ಕಳಿಸೋ ಪತ್ರದ ಅಡಿಯಲ್ಲಿ 'ಇನ್ನು ಈ ಪತ್ರ ಬೇಡ' ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಂತೆ. ಒತ್ತಿದವರ ಹೆಸರು ಪಟ್ಟಿಯಿಂದ ಹೋಗುತ್ತದಂತೆ.

"ಇಬ್ಬರು ಒತ್ಯಾರೆ ಅಪ್ಪಾಜಿ" ಅಂದಳು. "ಒಬ್ಬಳು ಅಮ್ಮ."

ಅದರಲ್ಲಿ ನನಗೆ ಆಶ್ಚರ್ಯ ಆಗಲಿಲ್ಲ. ಆದರೆ ಇನ್ನೊಬ್ಬರು? ನನಗೆ ರೋಷ ಉಕ್ಕಿತು. "ನನ್ನ ಮೊಮ್ಮಗಳ ಸುದ್ದಿ ಬ್ಯಾಡ ಅನ್ನೋ ಕಟುಕ ಯಾವನು? ಹೆಸರು ಹೇಳು. ಇನ್ನು ಜನ್ಮದಾಗೆ ಅವನ ಮನೆ ಹೊಸಲು ತುಳಿಯಲ್ಲ!"

ಸುಮಾ ಫೋನನ್ನು ನನ್ನ ಕಡೆ ತಿರುಗಿಸಿದಳು. ಕನ್ನಡಕ ಹಾಕಿಕೊಂಡು ಓದಿದೆ.

ಆ ಸಣ್ಣ ಅಕ್ಷರ ಏನಿರಬಹುದು ಅಂತ ಒಂದು ದಿನ ಒತ್ತಿ ನೋಡಿದವನು ನಾನೇ!