ತೊಂಬತ್ತನಾಲ್ಕು ಡಿಗ್ರಿಯ ಜಗಳ

ನಾನು ನಿಂತಿದ್ದದ್ದು ಚಳ್ಳಕೆರೆಯಲ್ಲಿ, ನನ್ನ ಬಾಮೈದ ಮಂಜಣ್ಣನ ಕಂಪ್ಯೂಟರ್ ಅಂಗಡಿಯ ಒಳಗೆ, ಗಾಜಿನ ಕೌಂಟರಿನ ಈಚೆ ಬದಿಗೆ, ಬಾಗಿಲಿಗೆ ಬೆನ್ನು ಮಾಡಿ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಸಿಟ್ಟಿನಲ್ಲಿ ಆಡಿದ ಮಾತನ್ನು ಆಡಿದವನು ಮರೆತರೂ ಕೇಳಿದವರು ಮರೆಯುವುದಿಲ್ಲ. ಅವರು ನಾಲ್ಕು ಜನಕ್ಕೆ ಹೇಳುವಷ್ಟರಲ್ಲಿ ಅದಕ್ಕೆ ಇನ್ನೆರಡು ಮಾತು ಸೇರಿರುತ್ತವೆ. ಆದ್ದರಿಂದ ಆಡಿದ್ದಷ್ಟನ್ನೇ ನಾನೇ ಬರೆದುಬಿಡುತ್ತೇನೆ. "ಗೊತ್ತಿದ್ದೂ ಕೆಟ್ಟ ಮಾಲು ಕೊಟ್ಟೀಯ ಮಂಜ. ಅಕ್ಕನ ಮನೆಗೇ ಟೋಪಿ ಹಾಕಿದೆ" ಅಂದೆ. ಇದಕ್ಕಿಂತ ಹೆಚ್ಚು ಅನ್ನಲಿಲ್ಲ. ಕೌಂಟರಿಗೆ ಕೈ ಬಡಿದದ್ದು ನಿಜ, ಗಾಜು ಒಡೆಯಲಿಲ್ಲ. ಮೊಬೈಲ್ ರಿಪೇರಿಗೆಂದು ಬಂದು ಸ್ಟೂಲಿನ ಮೇಲೆ ಕೂತಿದ್ದ ನಾಯಕನಹಟ್ಟಿಯ ತಿಪ್ಪಣ್ಣ ಎಂಬ ಹಿರಿಯರು ಮಾತ್ರ ಸ್ಟೂಲನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡರು.

ಮೊಳಕಾಲ್ಮುರಿನಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ಈಗಿನ ಗಿರಾಕಿಗಳಿಗೆ ಸೀರೆ ನೇಯುವ ಮೊದಲೇ ಅದನ್ನು ಉಟ್ಟ ಹೆಣ್ಣೊಬ್ಬಳು ಮೊಬೈಲಿನಲ್ಲಿ ತಿರುಗಿ ತಿರುಗಿ ಸೆರಗು ತೋರಿಸಬೇಕು. ಅಂಥ ಚಿತ್ರ ಮಾಡಲು ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಭಾಗ, ಅಂದರೆ ಗ್ರಾಫಿಕ್ಸ್ ಕಾರ್ಡು, ಗಟ್ಟಿಯಾಗಿರಬೇಕು. ಗಟ್ಟಿಯಾದದ್ದು ಬೇಕೆಂದರೆ ಗೇಮ್ ಆಡುವವರಿಗಾಗಿ ಮಾಡಿದ ಲ್ಯಾಪ್‌ಟಾಪನ್ನೇ ತರಬೇಕು. ಇದು ಮನೆಯಲ್ಲಿ ಹೇಳಿದ ಕಾರಣ. ಹೇಳದ ಕಾರಣವೆಂದರೆ, ಹಿಮ ಬೀಳುವ ಬೆಟ್ಟಗಳಲ್ಲಿ ಲಾರಿ ಓಡಿಸುವ ಒಂದು ಆಟವಿದೆ, ಅದರ ಮೇಲೆ ನನಗೆ ಬಹಳ ಆಸೆ. ವಯಸ್ಸು ಐವತ್ತು ದಾಟಿದೆ. ನಾನು ಸ್ಕೂಟರ್ ತೆಗೆದರೆ ನನ್ನ ಹೆಂಡತಿ ಗಿರಿಜೆ ಹಿಂದೆ ಕೂರುವುದಿಲ್ಲ, ಬಸ್ಸಿಗೆ ಹೋಗುತ್ತಾಳೆ. ಪರದೆಯ ಮೇಲಾದರೂ ನನ್ನನ್ನು ನಂಬಿ ಯಾರೋ ಒಂದು ಲಾರಿ ಲೋಡು ಕೊಡುತ್ತಾರಲ್ಲ ಎಂಬುದು ನನ್ನ ಸಮಾಧಾನ.

ಮಂಜನ ಅಂಗಡಿಯಿಂದ ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಅವ್ವ ಅದನ್ನು ಬರೀ ಮರದ ಮೇಲೆ ಇಡಗೊಡಲಿಲ್ಲ. ನಮ್ಮ ಕಡೆ ಮದುಮಕ್ಕಳಾಗಲಿ, ಕಳಶವಾಗಲಿ, ಮೊದಲು ಕೂರುವುದು ಕರಿ ಕಂಬಳಿಯ ಮೇಲೆ. ಟ್ರಂಕಿನಿಂದ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ಟೇಬಲ್ಲಿಗೆ ಹಾಸಿ ಅದರ ಮೇಲೆ ಕೂರಿಸಿದೆವು. ವಿಭೂತಿ, ಕುಂಕುಮ, ಹೂವು, ಕಾಯಿ ಎಲ್ಲ ಆಯಿತು. ತಳಕ್ಕೆ ಗೀರು ಬೀಳುವುದಿಲ್ಲವೆಂದು ನಾನು ಕಂಬಳಿಯನ್ನು ಹಾಗೇ ಬಿಟ್ಟೆ.

ಸಂಜೆ ಲಾರಿ ಹತ್ತಿದೆ. ಪರದೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ತೋರಿಸುವ ಅಂಕಿ ಇಟ್ಟುಕೊಂಡಿದ್ದೆ. ಮೊದಲು ಹಸಿರಾಗಿತ್ತು, ಆಮೇಲೆ ಹಳದಿಯಾಯಿತು, ಬೆಟ್ಟ ಏರುವಷ್ಟರಲ್ಲಿ ಕೆಂಪಾಗಿ ತೊಂಬತ್ತನಾಲ್ಕಕ್ಕೆ ಹೋಗಿ ಕೂತಿತು. ಲಾರಿ ಮುಗ್ಗರಿಸಿ ಮುಗ್ಗರಿಸಿ ನಿಂತಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಅವ್ವ ಬಂದು ಅಂಗೈ ಇಟ್ಟು ನೋಡಿ, ಹಂಚು ಕಾದೈತೆ, ರೊಟ್ಟಿ ತಟ್ಟಿ ತರಲಾ ಎಂದು ಕೇಳಿ ಹೋದಳು.

ನಾನು ದುಡುಕುವವನಲ್ಲ. ಒಂದೊಂದನ್ನೇ ಬದಲಿಸಿ ನೋಡಿದೆ. ಪ್ಲಗ್ ಬದಲಿಸಿದೆ. ಪಡಸಾಲೆಯಿಂದ ಕೋಣೆಗೆ, ಕೋಣೆಯಿಂದ ಜಗಲಿಗೆ ಒಯ್ದೆ. ಒಯ್ಯುವಾಗೆಲ್ಲ ದೇವರನ್ನು ಪೀಠದ ಸಮೇತ ಎತ್ತುವಂತೆ ಕಂಬಳಿಯ ಸಮೇತವೇ ಎತ್ತಿದೆ. ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ನನಗೆ ತಣ್ಣಗಾಯಿತು, ಅದಕ್ಕೆ ಆಗಲಿಲ್ಲ. ಅಂಕಿಯೇ ಸುಳ್ಳಿರಬಹುದೆಂದು ಬಿಸಿ ತೋರಿಸುವ ಬೇರೊಂದು ಪ್ರೋಗ್ರಾಂ ಹಾಕಿಕೊಂಡೆ. ಅದು ತೊಂಬತ್ತೈದು ಅಂದಿತು. ಇಂಟರ್ನೆಟ್ಟಿನಲ್ಲಿ ಕೇಳಿದರೆ ಒಬ್ಬ ಬಿಚ್ಚಿ ಒಳಗೆ ಬಿಸಿ ಎಳೆಯುವ ಪೇಸ್ಟು ಹಚ್ಚು ಅಂದ, ಇನ್ನೊಬ್ಬ ಕರೆಂಟು ಇಳಿಸು ಅಂದ, ಮೂರನೆಯವನು ತಣ್ಣಗಿರಬೇಕಿದ್ದರೆ ಫ್ರಿಜ್ಜು ಕೊಳ್ಳಬೇಕಿತ್ತು ಅಂದ. ಆ ಮೂರನೆಯವನು ಯಾವ ಊರಿನವನೋ ಗೊತ್ತಿಲ್ಲ. ಗೊತ್ತಾದರೆ ಹೋಗಿಬರುತ್ತೇನೆ.

ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಮಂಜನ ಗಾಜಿನ ಕೌಂಟರಿನ ಮೇಲಿಟ್ಟು ಅದೇ ಲಾರಿ, ಅದೇ ಬೆಟ್ಟ ಹತ್ತಿಸಿದೆ. ಎಪ್ಪತ್ತಾರು. ಜಪ್ಪಯ್ಯ ಅಂದರೂ ಮೇಲೇರಲಿಲ್ಲ. ಮನೆಗೆ ಬಂದು ಹಚ್ಚಿದರೆ ತೊಂಬತ್ತನಾಲ್ಕು. ಮನೆಯಲ್ಲಿ ಜ್ವರದಿಂದ ಕುದಿಯುವ ಕೂಸು ಡಾಕ್ಟರ ಬಾಗಿಲಲ್ಲಿ ಆಟವಾಡುತ್ತದಲ್ಲ, ಹಾಗೆ ನನ್ನ ಮಾನ ತೆಗೆಯಿತು. ಸೋಮವಾರ ಮತ್ತೆ ಹೋದೆ. ಮತ್ತೆ ಎಪ್ಪತ್ತಾರು. ಆಗ ಮಂಜ ನಗುತ್ತಾ, "ಮಾಲು ಆರಾಮೈತೆ ಬಾವ. ನಿಮ್ಮ ಮೊಳಕಾಲ್ಮುರು ಬಂಡೆ ಊರು, ಅಲ್ಲಿ ಬಿಸಿಲೇ ಜಾಸ್ತಿ" ಅಂದ. ಚಳ್ಳಕೆರೆಯಲ್ಲೇನೋ ಮಂಜು ಬೀಳುತ್ತದೆ ಎನ್ನುವವನಂತೆ ಅಂದ. ನಾನು ಮೊದಲು ಬರೆದ ಮಾತು ಬಾಯಿಂದ ಬಂದದ್ದು ಆಗ.

ಬಸ್ಸಿಗಿಂತ ಮೊದಲು ಫೋನು ಮನೆ ಮುಟ್ಟಿತ್ತು. ಗಿರಿಜೆ ಬಾಗಿಲಲ್ಲೇ ನಿಂತಿದ್ದಳು.

"ಕೆಟ್ಟ ಮಾಲು ಅಂದಿದ್ದು ಲ್ಯಾಪ್‌ಟಾಪಿಗೋ, ನನ್ನ ತವರಿಗೋ?"

ತೀರ್ಮಾನವನ್ನೂ ಅವಳೇ ಹೇಳಿದಳು. "ಭಾನುವಾರ ನನ್ನ ತಮ್ಮ ಬರ್ತಾನೆ. ಎಲ್ಲರ ಮುಂದೆ ನೋಡ್ಲಿ. ಮಾಲು ಕೆಟ್ಟಿದ್ರೆ ವಾಪಸ್ ತಗೊಂಡು ಹೋಗ್ತಾನೆ. ಇಲ್ಲಾಂದ್ರೆ ನೀವು ಎಲ್ಲಿ ನಿಂತು ಅಂದ್ರೋ ಅಲ್ಲೇ ನಿಂತು ತಪ್ಪಾಯ್ತು ಅನ್ಬೇಕು. ಅನ್ನಲಿಲ್ಲ ಅಂದ್ರೆ ಆ ಅಂಗಡಿ ಮುಂದೆ ಹಾದು ನಾನು ಯಾವ ಮುಖ ಇಟ್ಕೊಂಡು ತವರಿಗೆ ಹೋಗ್ಲಿ?"

ತಕ್ಷಣ ಒಪ್ಪಿಕೊಂಡೆ. ಅಲ್ಲಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತರೆ, "ಅತ್ತೇರೇ, ಸಾರು ಬೇಕೇನೋ ಕೇಳ್ರಿ" ಎನ್ನುವಳು. ಅವ್ವ ಕೇಳುವಳು. ನಾನು ಬೇಕು ಅಂದರೆ ಅವ್ವ, ಬೇಕಂತೆ ನೋಡಮ್ಮ, ಎಂದು ತಲುಪಿಸುವಳು. ಒಂದು ಮಾರು ದೂರಕ್ಕೆ ಇಷ್ಟೆಲ್ಲ ವ್ಯವಸ್ಥೆ.

ಭಾನುವಾರ ಮಂಜ ಬಂದ. ಕೊಟ್ಟ ನೀರು ಮುಟ್ಟಲಿಲ್ಲ. ನಾನು ಲಾರಿ ಬೆಟ್ಟ ಹತ್ತಿಸಿದೆ. ಎಲ್ಲರ ಕಣ್ಣೆದುರು ಅಂಕಿ ತೊಂಬತ್ತನಾಲ್ಕಕ್ಕೆ ಹೋಗಿ ನಿಂತಿತು. ಕೋರ್ಟಿನಲ್ಲಿ ಸಾಕ್ಷಿ ತೋರಿಸುವಂತೆ ಬೆರಳಿಟ್ಟು ತೋರಿಸಿದೆ. ಗಿರಿಜೆಯ ಮುಖ ಬಾಡಿತು. ಅದನ್ನು ಕಂಡು ಆ ಕ್ಷಣಕ್ಕೆ ನನಗೆ ಸಂತೋಷವಾಯಿತು ಎಂಬುದನ್ನೂ ಬರೆಯಬೇಕು. ಮಂಜ, ವಾಪಸ್ ಕಳಿಸಲು ತಳದಲ್ಲಿರುವ ನಂಬರು ಬೇಕೆಂದು, ಆಟ ನಡೆಯುತ್ತಿದ್ದ ಹಾಗೇ ಅದನ್ನು ಎರಡು ಕೈಯಲ್ಲಿ ಎತ್ತಿ ಬಗ್ಗಿ ನೋಡತೊಡಗಿದ. ನೋಡುತ್ತಾ ಇದ್ದಹಾಗೇ ಅಂಕಿ ತೊಂಬತ್ತಾಯಿತು. ಎಂಬತ್ತಾರಾಯಿತು. ಎಂಬತ್ತಾಯಿತು. ಕಂಬಳಿ ಸರಿಸಿ ಬರೀ ಟೇಬಲ್ಲಿನ ಮೇಲೆ ಇಟ್ಟ. ಎಪ್ಪತ್ತೇಳಕ್ಕೆ ಬಂದು ನಿಂತಿತು. ಕಂಬಳಿಯ ಮೇಲಿಟ್ಟ, ಏರಿತು. ಆಮೇಲೆ ಆರಿಸಿ ಬೋರಲು ಹಾಕಿ ತೋರಿಸಿದ. ತಳದ ತುಂಬ ಸಣ್ಣ ಸಣ್ಣ ತೂತುಗಳು. ಅವುಗಳಲ್ಲಿ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದವು, ಸ್ವಲ್ಪ ವಿಭೂತಿಯೂ ಇತ್ತು.

"ಬಾವ, ಇದು ಉಸಿರಾಡೋದೇ ಇಲ್ಲಿಂದ. ಮೂಗಿಗೆ ಕಂಬಳಿ ಒತ್ತಿ ಬೆಟ್ಟ ಹತ್ತು ಅಂದ್ರೆ ಹೆಂಗೆ ಹತ್ತುತೈತೆ?"

ನಾನು ಅವ್ವನ ಕಡೆ ನೋಡಿದೆ. ಕಂಬಳಿ ಹಾಸಿಸಿದ್ದು ಅವಳಲ್ಲವೇ. ಅವ್ವ ನನಗಿಂತ ಮೊದಲೇ ಸಿದ್ಧವಾಗಿದ್ದಳು.

"ಪೂಜೆ ಆದ್ಮೇಲೆ ಎಬ್ಬಿಸ್ಬೇಕು ಅಂತ ಗೊತ್ತಿಲ್ವೇನ್ಲೇ? ಮದುವೇಲಿ ನಿನ್ನೂ ಕಂಬಳಿ ಮೇಲೆ ಕೂರಿಸಿದ್ವಿ. ಇವತ್ತಿಗೂ ಅಲ್ಲೇ ಕೂತಿದೀಯಾ?"

ನನ್ನ ಬಳಿ ಒಂದೇ ಒಂದು ವಾದ ಉಳಿದಿತ್ತು, ಅದನ್ನೂ ಹೂಡಿದೆ. ಈ ಕಂಬಳಿ ಎಲ್ಲಿಂದ ಬಂತು? ನಮ್ಮ ಮದುವೆಗೆಂದು ಗಿರಿಜೆಯ ಅಪ್ಪನೇ ಚಳ್ಳಕೆರೆಯ ಸಂತೆಯಲ್ಲಿ ತಂದದ್ದು. ಅಂದಮೇಲೆ ಬಿಸಿ ಬಂದದ್ದು ಚಳ್ಳಕೆರೆಯಿಂದಲೇ, ಇವರ ಮನೆಯಿಂದಲೇ. ವಾದದಲ್ಲಿ ತಪ್ಪಿರಲಿಲ್ಲ. ಈಗಲೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಗಿರಿಜೆ ಒಳಗೆ ಎದ್ದುಹೋದಳು. ಮಂಜ ಮಾತ್ರ ನಕ್ಕು ಚೊಂಬು ಎತ್ತಿ ನೀರು ಕುಡಿದ.

ಮಾರನೆಯ ದಿನ ಚಳ್ಳಕೆರೆಯ ಬಸ್ಸಿನಲ್ಲಿ ಗಿರಿಜೆಯೂ ಬಂದಳು, ಕಿಟಕಿ ಪಕ್ಕ ಕೂತಳು. ಅಂಗಡಿಯೊಳಗೆ ಅದೇ ಜಾಗದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಸ್ಟೂಲಿನ ಮೇಲೆ ತಿಪ್ಪಣ್ಣನವರು ಕೂತಿದ್ದರು. ಮೊಬೈಲ್ ಮತ್ತೆ ಕೆಟ್ಟಿತೇ ಎಂದು ಕೇಳಿದೆ. ಇಲ್ಲ, ಮಂಜಣ್ಣ ಬರಲು ಹೇಳಿದ್ದ ಅಂದರು. ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಆದರೂ ಹೇಳಿದೆ.

"ಮಾಲು ಚೆನ್ನಾಗೈತೆ ಮಂಜ. ನಂದೇ ತಪ್ಪಾಯ್ತು."

"ಈ ಕಿವಿ ಸ್ವಲ್ಪ ಮಂದ" ಅಂದರು ತಿಪ್ಪಣ್ಣನವರು, "ಇನ್ನೊಂದು ಸಲ ಹೇಳ್ರಿ."

ಹಿಂದಿನ ಸೋಮವಾರ ಅದೇ ಕಿವಿ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಇನ್ನೊಂದು ಸಲ ಹೇಳಿದೆ. ಗಿರಿಜೆ ನನ್ನ ಕಡೆ ತಿರುಗಿ, ಒಂದು ವಾರದಲ್ಲಿ ಮೊದಲ ಸಲ ನೇರವಾಗಿ ನನಗೇ, "ನಡೀರಿ, ನಮ್ಮಮ್ಮ ಅಡಿಗೆ ಮಾಡಿ ಕಾಯ್ತಿರ್ತಾರೆ" ಅಂದಳು.

ಲ್ಯಾಪ್‌ಟಾಪ್ ಈಗ ಬರೀ ಟೇಬಲ್ಲಿನ ಮೇಲೆ ಎಪ್ಪತ್ತೇಳರಲ್ಲಿದೆ. ನನ್ನ ಬಿಸಿ ಎಷ್ಟೆಂದು ತೋರಿಸುವ ಅಂಕಿ ಇನ್ನೂ ಬಂದಿಲ್ಲ, ಅದೇ ಪುಣ್ಯ. ಮನೆಯಲ್ಲಿ ಅಂಕಿ ಇಳಿದದ್ದನ್ನು ಕಣ್ಣಾರೆ ಕಂಡವರು ಅವ್ವ, ಗಿರಿಜೆ, ಮಂಜಣ್ಣ. ಅಂಗಡಿಯಲ್ಲಿ ನಾನು ಎರಡು ಸಲ ಹೇಳಿದ್ದನ್ನು ಕೇಳಿದವರು ನಾಯಕನಹಟ್ಟಿಯ ತಿಪ್ಪಣ್ಣ. ನಾಲ್ವರೂ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಒಬ್ಬರಿಗೂ ಮರೆವು ಬಂದಿಲ್ಲ. ನಾನು ಬರೆದದ್ದರಲ್ಲಿ ಅನುಮಾನವಿದ್ದವರು ಹೋಗಿ ವಿಚಾರಿಸಬಹುದು. ವಿಚಾರಿಸದಿದ್ದರೂ ಹೇಳುತ್ತಾರೆ.